ತಿದಿಯ ಪಾಳಿ

ಕೋಪನ್‌ಹೇಗನ್, ೧೯೫೨

ಹಲ್ಲು ಕೀಳುವುದು ಕಲಿಯಲು ಬಂದವನು ನಾನು.
ದವಡೆಯಿಂದ ಕೆಳಗಿನದೆಲ್ಲ ಪರದೇಶ.
ಆ ಸೆಪ್ಟೆಂಬರಿನಲ್ಲಿ ಕೈಗಳು ಸಾಲದಾಗಿ
ನಮ್ಮ ತರಗತಿಗೂ ಕರೆ ಬಂತು:
ಬೆರಳು ಗಟ್ಟಿಯಿದ್ದರೆ ಸಾಕು, ಬನ್ನಿ.

ಹಾಸಿಗೆ ಹದಿನಾಲ್ಕು. ಥೋರಾ. ಹನ್ನೊಂದು ವರ್ಷ.
ಬಂದರಿನಲ್ಲಿ ಹಾವುಮೀನು ಮಾರುವವಳ ಮಗಳು.
ಕತ್ತಿನಲ್ಲಿ ಗುಂಡಿಯಷ್ಟು ತೂತು, ತೂತಿಗೆ ಕೊಳವೆ,
ಕೊಳವೆಗೆ ತಗಡಿನ ಡಬ್ಬಿ, ಡಬ್ಬಿಗೆ ರಬ್ಬರ್ ಚೀಲ,
ಚೀಲಕ್ಕೆ ನಾನು.

"ಒತ್ತು. ಬಿಡು. ನಿಮಿಷಕ್ಕೆ ಇಪ್ಪತ್ತು.
ಅವಳ ಎದೆ ನೋಡು, ಗಡಿಯಾರ ಬೇಡ"
ಎಂದಳು ಸಿಸ್ಟರ್ ಆಲ್ಫ್ರಿಡಾ, ಹೋದಳು.

ಒತ್ತಿದೆ. ಎದೆ ಎದ್ದಿತು.
ಬಿಟ್ಟೆ. ಇಳಿಯಿತು.
ಇಷ್ಟೇನಾ, ಅನ್ನಿಸಿತು ಮೊದಲ ಗಂಟೆ.

ಎರಡನೆಯ ಗಂಟೆಗೆ ತಿಳಿಯಿತು
ಇಷ್ಟು ವರ್ಷ ನನ್ನೊಳಗೆ ಪುಕ್ಕಟೆ ದುಡಿದವರು ಯಾರೆಂದು.
ಪಕ್ಕೆಲುಬಿನಡಿ ಹಾಸಿದ ತೆಳ್ಳನೆಯ ಸ್ನಾಯು, ವಪೆ:
ಕಮಾನಿನಂತೆ ಕೂತದ್ದು ಚಪ್ಪಟೆಯಾಗಿ ತಗ್ಗುತ್ತದೆ,
ಎಲುಬುಗಳು ಬಕೆಟ್ಟಿನ ಹಿಡಿಯಂತೆ ಮೇಲೇಳುತ್ತವೆ,
ಎದೆ ಹಿಗ್ಗುತ್ತದೆ, ಅಷ್ಟೇ.
ಗಾಳಿಯನ್ನು ಯಾರೂ ಎಳೆಯುವುದಿಲ್ಲ.
ಜಾಗ ಮಾಡಿಕೊಟ್ಟರೆ ಕರೆಯದೆ ಬರುವ ನೆಂಟ ಅದು.

ಥೋರಾಳ ಎದೆ ಜಾಗ ಮಾಡುವುದನ್ನು ಮರೆತಿತ್ತು.
ಮರೆತದ್ದಲ್ಲ: ಬೆನ್ನುಹುರಿಯಲ್ಲಿ ರೋಗ ಹೊಕ್ಕು
ಆಜ್ಞೆ ಒಯ್ಯುವವರೇ ಸತ್ತಿದ್ದರು.
ಹಾಗಾಗಿ ತಿದಿಯೊತ್ತಿ, ಬಾಗಿಲು ದೂಡಿ
ನುಗ್ಗಿಸುತ್ತಿದ್ದೆ ಗಾಳಿಯನ್ನು,
ಜಪ್ತಿಗೆ ಬಂದವರ ಹಾಗೆ.

ಒಳಗೆ ದಾರಿ ಎರಡಾಗಿ, ನಾಲ್ಕಾಗಿ,
ಇಪ್ಪತ್ತಮೂರು ಸಲ ಕವಲೊಡೆದು
ಕೊನೆಗೆ ಗಾಳಿಗೂಡುಗಳು, ಕೋಟಿಗಟ್ಟಲೆ,
ಸೋಪಿನ ನೊರೆಯಂಥ ಗೋಡೆ,
ಗೋಡೆಯಾಚೆ ರಕ್ತ
ಒಂದೊಂದೇ ಕಣವಾಗಿ ಸಾಲು ನಿಂತು
ಕೊಡುವುದು ಕೊಟ್ಟು, ಕೊಳ್ಳುವುದು ಕೊಂಡು
ಮುಕ್ಕಾಲು ಸೆಕೆಂಡಿನಲ್ಲಿ ಹೊರಟುಹೋಗುತ್ತದೆ.
ಮಾತಿಲ್ಲ, ರಸೀದಿಯಿಲ್ಲ.

ಕೊಟ್ಟದ್ದು ಹೊರಬರಬೇಕು. ಅದೇ ದೊಡ್ಡದು.
ಗಾಳಿ ಬಾರದೆ ಸಾವು ಬರುತ್ತದೆಂದು ಎಣಿಸಿದ್ದೆ;
ಹೋಗದಿದ್ದರೂ ಬರುತ್ತದೆ.
ತಡವಾದರೆ ಅವಳ ಹಣೆಯಲ್ಲಿ ಬೆವರು,
ಕೆನ್ನೆ ಕೆಂಪು, ನೋಡಿದವರು ಆರೋಗ್ಯ ಅನ್ನಬೇಕು, ಹಾಗೆ.
ತಗಡಿನ ಡಬ್ಬಿಯ ಸುಣ್ಣ ಅವಳ ಹಳೆಯ ಉಸಿರನ್ನು ನುಂಗಿ ನುಂಗಿ
ಬಿಸಿಯಾಗುತ್ತಿತ್ತು. ಬೆಳಗಿನ ಜಾವದ ಚಳಿಗೆ
ಎಡಗೈ ಕಾಯಿಸಿಕೊಂಡದ್ದು ಅದರ ಮೇಲೆ.
ಹನ್ನೊಂದು ವರ್ಷದ ಹುಡುಗಿ
ನನಗೆ ಒಲೆಯಾದಳು.

ಮೂಗಿಗೆ ಕೆಲಸವಿಲ್ಲ. ತಾಯಿ ಕಳಿಸಿದ ಸೇಬನ್ನು
ತುಟಿಯ ಹತ್ತಿರ ಹಿಡಿದರೂ ಪರಿಮಳ ಒಳಗೆ ಹೋಗದು.
ಗಂಟಲ ಪೆಟ್ಟಿಗೆಯ ಕೆಳಗೇ ಗಾಳಿ ಹೊರಬೀಳುವಾಗ
ದನಿಯಾದರೂ ಎಲ್ಲಿ?
ನಾಲಿಗೆ ಲೊಚಗುಟ್ಟಿದರೆ ಒಂದು ಸಲ: ಇನ್ನಷ್ಟು ಗಾಳಿ.
ಎರಡು ಸಲ: ಕಥೆ ಮುಂದಕ್ಕೆ ಓದು.
ಮೂರು ಸಲ: ತೂಕಡಿಸುತ್ತಿದ್ದೀಯ, ಏಳು.
ಈ ಮೂರನ್ನು ಬಹಳ ರಾತ್ರಿ ಕೇಳಿಸಿಕೊಂಡಿದ್ದೇನೆ.

ಪಾಳಿ ಮುಗಿಸಿ ಹೊರಗೆ ಎಸ್ಬೆನ್ ಜೊತೆ ಸಿಗರೇಟು.
ಕೋಣೆಗೆ ಹೋಗಿ ಮಲಗಿದರೆ ಬಲಗೈ ದಿಂಬನ್ನು ಒತ್ತುತ್ತಿತ್ತು.
ಹಾಸಿಗೆ ಹದಿಮೂರು ಒಂದು ದಿನ ಖಾಲಿ.
ಅಲ್ಲಿ ಒತ್ತುತ್ತಿದ್ದ ಹುಡುಗ
ತಿಳಿದ ಮೇಲೂ ಅರ್ಧ ಗಂಟೆ ಒತ್ತಿದನಂತೆ.
ಯಾರೂ ತಡೆಯಲಿಲ್ಲ.

ನವೆಂಬರ್. ಬೆಳಗಿನ ನಾಲ್ಕು.
ಒತ್ತಲೆಂದು ಬೆರಳು ಮಡಚುತ್ತಿದ್ದೆ,
ಚೀಲ ತಾನೇ ಒಂದಿಷ್ಟು ಒಳಸರಿಯಿತು,
ಮೀನು ಗಾಳದ ಹುಳುವನ್ನು ಮೂಸಿದಷ್ಟು.
ಎಲ್ಲೋ ಆಳದಲ್ಲಿ ಯಾರೋ
ಜಾಗ ಮಾಡಿದ್ದರು.

ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ.
ಕೈ ಸಡಿಲಿಸಿ ಕಾದೆ. ಇನ್ನೊಂದು. ಮತ್ತೂ ಒಂದು.
ಮೂರು ಉಸಿರು, ಯಾರಿಗೂ ಉಸುರಲಿಲ್ಲ.
ಅಸೂಯೆಯೋ, ಹೆದರಿಕೆಯೋ,
ಎಂಟು ವಾರದಲ್ಲಿ ಮೊದಲ ಸಲ
ಕೈಗೆ ಕೆಲಸವಿಲ್ಲದೆ ಕೂತದ್ದೋ.

ಆಮೇಲೆ ಥೋರಾ ಕಣ್ಣು ತೆರೆದು
ಲೊಚಗುಟ್ಟಿದಳು, ಮೂರು ಸಲ.